ಹವಾಮಾನ ಬೇರೆ, ವಾಯುಗುಣ ಬೇರೆಯಂತೆ. ಅಪ್ಪನಿಗೆ ಏನಂತ ಹೇಳಲಿ?

ಶೇಂಗಾ_ಹೊಲ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಮುಖ್ಯ ವಿಷಯ ಅರ್ಥಶಾಸ್ತ್ರ ಮತ್ತು ಇತಿಹಾಸ. ಈ ಸೆಮಿಸ್ಟರ್‌ಗೆ ಓಪನ್ ಎಲೆಕ್ಟಿವ್ ಅಂತ ಭೂಗೋಳ ವಿಭಾಗದವರು ಕೊಡುವ ಹವಾಮಾನ ಮತ್ತು ವಾಯುಗುಣದ ಪರಿಚಯ ಪತ್ರಿಕೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಸುಲಭ ಇರುತ್ತದೆ ಅಂತಲೇ ತೆಗೆದುಕೊಂಡಿದ್ದು. ಮಳೆ, ಬಿಸಿಲು, ಗಾಳಿ, ಇದರಲ್ಲಿ ಗೊತ್ತಿಲ್ಲದ್ದು ಏನಿದೆ ಅಲ್ವಾ? ಈಗ ಐದನೇ ವಾರ. ತಲೆ ಕೆಟ್ಟು ಕೆರ ಹಿಡಿದಿದೆ.

ಮೊದಲನೆಯದು ಪದಗಳ ಗೊಂದಲ. ಪಿಯುಸಿವರೆಗೆ ನಾನು ಕನ್ನಡ ಮಾಧ್ಯಮ. ಇವತ್ತು ಇಲ್ಲಿ ಹೇಗಿದೆ ಅನ್ನುವುದು ಹವಾಮಾನ, ಬಹಳ ವರ್ಷಗಳ ಸರಾಸರಿ ಸ್ಥಿತಿ ವಾಯುಗುಣ ಅಂತ ಉರು ಹೊಡೆದಿದ್ದೆ. ಆದರೆ ಪೇಪರ್ ತೆಗೆದರೆ 'ಹವಾಮಾನ ಬದಲಾವಣೆ' ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಹವಾಮಾನ ದಿನಾ ಬದಲಾಗುತ್ತದೆ, ಅದರಲ್ಲಿ ಸುದ್ದಿ ಏನು?

ಎರಡನೆಯದು ಲ್ಯಾಪ್ಸ್ ರೇಟ್. ಒಂದು ಕಿಲೋಮೀಟರ್ ಮೇಲೆ ಹೋದರೆ 6.5 ಡಿಗ್ರಿ ಕಡಿಮೆ ಅಂದರು, ಆಮೇಲೆ 10 ಅಂದರು, ಮರುದಿನ 6 ಅಂದರು. ಮೂರನ್ನೂ ನೋಟ್ಸಿನಲ್ಲಿ ಬರೆದುಕೊಂಡಿದ್ದೇನೆ. ಯಾವುದು ಸರಿ ಅಂತ ಕೇಳಿದರೆ ಮೂರೂ ಸರಿ ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋದರು.

ಮೂರನೆಯದೇ ದೊಡ್ಡದು. ನಮ್ಮದು ಚಳ್ಳಕೆರೆ ಕಡೆ, ಅಪ್ಪ ಶೇಂಗಾ ಬೆಳೆಯುತ್ತಾರೆ. ಊಟಕ್ಕೆ ಕೂತಾಗ ಈ ಪತ್ರಿಕೆ ಬಗ್ಗೆ ಹೇಳಿದೆ. "ನಾಳೆ ನಮ್ಮ ಹೊಲಕ್ಕೆ ಮಳೆ ಬರುತ್ತೋ ಇಲ್ವೋ ಸರಿಯಾಗಿ ಹೇಳೋಕಾಗಲ್ಲ, ಎರಡು ಸಾವಿರದ ನೂರನೇ ಇಸವಿಯಲ್ಲಿ ಹೆಂಗಿರುತ್ತೆ ಅಂತ ಹೇಳ್ತಾರಾ? ಇದಕ್ಕೇನಮ್ಮ ನಾನು ಫೀಸು ಕಟ್ಟಿದ್ದು?" ಅಂದರು. ಅಮ್ಮ ನಕ್ಕಳು, ತಮ್ಮನೂ ನಕ್ಕ. ನನ್ನ ಹತ್ತಿರ ಉತ್ತರ ಇರಲಿಲ್ಲ. ಯೋಚನೆ ಮಾಡಿದರೆ ಅಪ್ಪ ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸುತ್ತಿದೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಕೊಳೆಔಷಧಿ

ಮಾರಾಯ್ರೆ, ನೀವು ಚಳ್ಳಕೆರೆ, ನಾನು ಆಗುಂಬೆ ಪಕ್ಕದ ಅಡಿಕೆ ತೋಟದವನು. ನಿಮ್ಮ ಪತ್ರಿಕೆಯ ಅರ್ಧ ಪಾಠ ಇಷ್ಟರಲ್ಲೇ ಇದೆ.

ಪದಗಳದ್ದು ಮೊದಲು ಮುಗಿಸುತ್ತೇನೆ. ಪೇಪರಿನವರನ್ನು ಬಿಟ್ಟುಬಿಡಿ, ಅವರಿಗೆ ಎರಡೂ ಹವಾಮಾನವೇ. ಪುಸ್ತಕದ ಲೆಕ್ಕದಲ್ಲಿ ಅದು ವಾಯುಗುಣ ಬದಲಾವಣೆ ಆಗಬೇಕಿತ್ತು. ಪದವನ್ನೇ ಒಡೆದು ನೋಡಿದರೆ ನೆನಪಿಟ್ಟುಕೊಳ್ಳುವುದು ಸುಲಭ. ಮಾನ ಅಂದರೆ ಅಳತೆ. ಇವತ್ತು ಬೆಳಿಗ್ಗೆ ಅಳೆದರೆ ಇವತ್ತಿನದು ಸಿಕ್ಕಿತು. ಗುಣ ಹಾಗಲ್ಲ. ಹೆಣ್ಣು ನೋಡಲು ಹೋದ ದಿನ ಮಾತು ಕೇಳಿ ಗುಣ ಗೊತ್ತಾಗುತ್ತದಾ? ಜೊತೆಗೆ ಬಾಳ್ವೆ ಮಾಡಬೇಕು, ಸಿಟ್ಟು ಬಂದಾಗ ನೋಡಬೇಕು, ದುಡ್ಡು ಇಲ್ಲದಾಗ ನೋಡಬೇಕು. ವಾಯುಗುಣಕ್ಕೂ ಅಷ್ಟೇ. ಅದಕ್ಕೇ ವಿಶ್ವ ಹವಾಮಾನ ಸಂಸ್ಥೆಯವರು 30 ವರ್ಷದ ದಾಖಲೆ ಇಟ್ಟುಕೊಂಡು ಸರಾಸರಿ ತೆಗೆಯುತ್ತಾರೆ. ಈಗ ನಡೆಯುತ್ತಿರುವುದು 1991ರಿಂದ 2020ರ ಲೆಕ್ಕ.

ನಮ್ಮ ಅಪ್ಪ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಡೈರಿ ಬರೆಯುತ್ತಿದ್ದರು, ಈಗ ನಾನು ಬರೆಯುತ್ತೇನೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಇದು ಬಹಳ ಮನೆಗಳಲ್ಲಿ ಇದೆ. ನಮ್ಮ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಮಳೆಗಾಲದಲ್ಲಿ ನೆಂಟರಿಗೆ ಫೋನ್ ಮಾಡಿದರೆ ಆರೋಗ್ಯ ಆಮೇಲೆ, "ನಿಮ್ಮಲ್ಲಿ ನಿನ್ನೆ ಎಷ್ಟು ಸೆಂಟು?" ಅನ್ನುವುದು ಮೊದಲು. ಆ ಡೈರಿಗಳನ್ನು ತಿರುವಿ ಹಾಕಿದಾಗ ನನಗೆ ಒಂದು ಗೊತ್ತಾಯಿತು. ಸರಾಸರಿಯಷ್ಟೇ ಮಳೆ ಬಂದ ವರ್ಷ ಅಂತ ಒಂದೂ ಇಲ್ಲ. ಒಂದೋ ಮೇಲೆ, ಇಲ್ಲ ಕೆಳಗೆ. ಹಾಗಾಗಿ ವಾಯುಗುಣ ಅಂದರೆ ಬರೀ ಸರಾಸರಿ ಅಂತ ಬರೆದರೆ ಅರ್ಧ ಉತ್ತರ. ಎಷ್ಟು ಮೇಲೆ ಹೋಗಬಹುದು, ಎಷ್ಟು ಕೆಳಗೆ ಇಳಿಯಬಹುದು, ಯಾವ ತಿಂಗಳಲ್ಲಿ ಏನು ಆಗುತ್ತದೆ, ಎಲ್ಲವೂ ಸೇರಿದ್ದೇ ಗುಣ.

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೇಲೆ ಮಳೆ. ನಿಮ್ಮಲ್ಲಿ ಐನೂರು ಮುಟ್ಟಿದರೆ ಜಾತ್ರೆ ಮಾಡಬೇಕು. ಸಮುದ್ರದಿಂದ ಬಂದ ಗಾಳಿಗೆ ಘಟ್ಟ ಅಡ್ಡ ಸಿಗುತ್ತದೆ, ಏರಲೇಬೇಕು, ಏರಿದಾಗ ತಣ್ಣಗಾಗುತ್ತದೆ, ಹೊತ್ತುಕೊಂಡ ನೀರನ್ನು ನಮ್ಮ ತಲೆ ಮೇಲೆ ಸುರಿಯುತ್ತದೆ. ಘಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗಿರುತ್ತದೆ. ಶಿವಮೊಗ್ಗ ಪೇಟೆಗೆ ಬರುವಷ್ಟರಲ್ಲೇ ಮಳೆ ಸಾವಿರ ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ನಿಮಗೆ ಸಿಗುವುದು ಗಾಳಿ ಮಾತ್ರ. ಪವನ ವಿದ್ಯುತ್ತಿನ ರೆಕ್ಕೆಗಳನ್ನು ಚಿತ್ರದುರ್ಗದ ಗುಡ್ಡಗಳ ಮೇಲೆ ಸುಮ್ನೆ ನಿಲ್ಲಿಸಿಲ್ಲ.

ಪಂಚಾಂಗ_ಪ್ರಿಯ

ಇದಕ್ಕೆಲ್ಲಾ ಕಾಲೇಜು ಯಾಕೆ? ನಮ್ಮ ತಾತ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಿದ್ದರು, ಹಾಗೇ ಆಗುತ್ತಿತ್ತು. ಇಲಾಖೆಯವರು ಆರೆಂಜ್ ಅಲರ್ಟ್ ಅಂದ ದಿನ ನಮ್ಮೂರಲ್ಲಿ ಬಟ್ಟೆ ಒಣಗುತ್ತದೆ.

ಕೊಳೆಔಷಧಿ

@ಪಂಚಾಂಗ_ಪ್ರಿಯ ನಾನೂ ನಕ್ಷತ್ರ ನೋಡಿಯೇ ಗದ್ದೆಗೆ ಇಳಿಯುವವನು, ಜಗಳ ಇಲ್ಲ. ಆದರೆ ನೋಡಿ, ನೀವು ಹೇಳಿದ್ದು ವಾಯುಗುಣದ ಪಾಠವೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ವರ್ಷವನ್ನು 27 ತುಂಡು ಮಾಡಿ, ಯಾವ ತುಂಡಿನಲ್ಲಿ ಸಾಮಾನ್ಯವಾಗಿ ಎಂಥ ಮಳೆ ಅಂತ ತಲೆಮಾರುಗಳ ಅನುಭವವನ್ನು ಗಾದೆ ಮಾಡಿಟ್ಟಿದ್ದಾರೆ. ಅದು ಸರಾಸರಿ. ಈ ವರ್ಷ ಆರಿದ್ರಾ ಮಳೆ ಮಂಗಳವಾರ ಬರುತ್ತೋ ಬುಧವಾರ ಬರುತ್ತೋ ಅಂತ ಗಾದೆ ಹೇಳುವುದಿಲ್ಲ. ನನಗೆ ಬೇಕಾಗಿರುವುದು ಅದು. ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯಬೇಕಾದರೆ ಹೊಳವು, ಅಂದರೆ ಮಳೆ ಬಿಟ್ಟ ಹೊತ್ತು ಬೇಕು. ಹೊಡೆದು ಒಣಗುವ ಮೊದಲೇ ಮಳೆ ಹುಯ್ದರೆ ಔಷಧಿಯೂ ಹೋಯಿತು, ಮರ ಹತ್ತಿದವರ ಕೂಲಿಯೂ ಹೋಯಿತು. ಅದಕ್ಕೆ ನಾಳೆ ನಾಡಿದ್ದಿನ ಮುನ್ಸೂಚನೆ ನೋಡುತ್ತೇನೆ, ರೇಡಾರ್ ಚಿತ್ರ ನೋಡುತ್ತೇನೆ.

ಅಂದಹಾಗೆ ಒಂದು ಸಣ್ಣ ವಿಷಯ. ಮಳೆ ನಕ್ಷತ್ರದ ಲೆಕ್ಕ ನಕ್ಷತ್ರಗಳಿಗೆ ಕಟ್ಟಿದ್ದು, ಋತುಗಳು ಸೂರ್ಯನ ಕಡೆಗೆ ಭೂಮಿಯ ವಾಲಿಕೆಗೆ ಕಟ್ಟಿದ್ದು. ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟು. ಅಷ್ಟು ಹಳೆಯ ಗಾದೆ ಯಾವುದಾದರೂ ಇದ್ದರೆ ಅದನ್ನು ಒಂದು ಮಳೆ ಹಿಂದೆ ತಳ್ಳಿ ಓದಬೇಕಾಗುತ್ತದೆ!

ಕ್ಯುಮುಲೋನಿಂಬಸ್

ಲ್ಯಾಪ್ಸ್ ರೇಟ್ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. ಎಂ.ಎಸ್ಸಿ. ಮಾಡುತ್ತಿದ್ದೇನೆ, ನನಗೂ ಮೊದಲ ವರ್ಷ ಇದೇ ಕಾಟ.

ನಿಮ್ಮ ಮೇಡಂ ಅಥವಾ ಸರ್ ಹೇಳಿದ್ದು ಸರಿ, ಮೂರೂ ಸರಿ. ಯಾಕೆಂದರೆ ಮೂರು ಅಂಕಿ ಮೂರು ಬೇರೆ ವಸ್ತುಗಳದ್ದು. 6.5 ಅನ್ನುವುದು ನಿಂತ ಗಾಳಿಯ ಸರಾಸರಿ. ನೀವು ಥರ್ಮಾಮೀಟರ್ ಹಿಡಿದು ಮೇಲೆ ಹತ್ತುತ್ತಾ ಹೋದರೆ ಕಾಣುವುದು. ಬೆಂಗಳೂರು ಸುಮಾರು 920 ಮೀಟರ್, ನಂದಿ ಬೆಟ್ಟದ ತುದಿ 1478 ಮೀಟರ್. ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ಹಾಗಾಗಿ ಮೂರೂವರೆ ಡಿಗ್ರಿ ತಂಪು. ಇದು ಲೆಕ್ಕ. ಬೆಳಗಿನ ಜಾವ ಬೈಕಿನಲ್ಲಿ ಹೋದವರು ಹತ್ತು ಡಿಗ್ರಿ ಕಡಿಮೆ ಅಂತ ಆಣೆ ಮಾಡಿ ಹೇಳುತ್ತಾರೆ, ಅದು ಜರ್ಕಿನ್ ಮರೆತದ್ದರ ಪರಿಣಾಮ.

10 ಮತ್ತು 6 ನಿಂತ ಗಾಳಿಯದ್ದಲ್ಲ, ಏರುತ್ತಿರುವ ಗಾಳಿಯದ್ದು. ಸೈಕಲ್ ಟ್ಯೂಬಿನ ವಾಲ್ವ್ ಸಡಿಲ ಮಾಡಿ ಬೆರಳು ಇಟ್ಟಿದ್ದೀರಾ? ಬರುವ ಗಾಳಿ ತಣ್ಣಗಿರುತ್ತದೆ. ಒತ್ತಡದಲ್ಲಿದ್ದ ಗಾಳಿ ಹಿಗ್ಗಿದರೆ ತಣ್ಣಗಾಗುತ್ತದೆ, ಪಂಪಿನಲ್ಲಿ ಒತ್ತಿದರೆ ಬಿಸಿಯಾಗುತ್ತದೆ. ಮೇಲೆ ಹೋದಷ್ಟೂ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಇದು ಒಣ ಗಾಳಿಯ ಕಥೆ. ಒಂದು ಎತ್ತರದಲ್ಲಿ ಆವಿ ಹನಿಯಾಗಲು ಶುರು ಮಾಡುತ್ತದೆ, ಅಲ್ಲಿಂದ ಮೋಡ. ಆವಿ ನೀರಾಗುವಾಗ ಶಾಖ ಬಿಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈಗೆ ಆವಿ ತಾಗಿ ಸುಡುವುದು ಇದೇ ಶಾಖ. ಅದು ಗಾಳಿಯನ್ನು ಒಳಗಿಂದ ಬೆಚ್ಚಗಿಡುವುದರಿಂದ ಇಳಿಕೆ ನಿಧಾನವಾಗುತ್ತದೆ, ಕಿಲೋಮೀಟರಿಗೆ 6ರ ಹತ್ತಿರ.

ಈಗ ಒಂದು ಲೆಕ್ಕ ಮಾಡಿ. ಏಪ್ರಿಲ್ ಮಧ್ಯಾಹ್ನ, ನೆಲದಲ್ಲಿ 34 ಡಿಗ್ರಿ. ಆ ದಿನ ಸುತ್ತಲಿನ ಗಾಳಿ ಕಿಲೋಮೀಟರಿಗೆ 8 ಡಿಗ್ರಿ ಇಳಿಯುತ್ತಿದೆ ಅಂದುಕೊಳ್ಳಿ. ಅಂದರೆ 1 ಕಿ.ಮೀ.ನಲ್ಲಿ 26, 2ರಲ್ಲಿ 18, 3ರಲ್ಲಿ 10. ನೆಲದಿಂದ ಒಂದು ಗಾಳಿಯ ಗುಳ್ಳೆ ಎದ್ದಿತು. 1 ಕಿ.ಮೀ. ತನಕ ಒಣ, ಹಾಗಾಗಿ ಅಲ್ಲಿ 24. ಸುತ್ತ 26. ಗುಳ್ಳೆ ತಂಪು, ಅಂದರೆ ಭಾರ, ವಾಪಸ್ ಇಳಿಯಲು ನೋಡುತ್ತದೆ. ಆದರೆ ಏನೋ ಒಂದು ಅದನ್ನು ತಳ್ಳಿತು ಅಂದುಕೊಳ್ಳಿ. ಅಲ್ಲಿಂದ ಮೋಡ ಶುರು, ಇನ್ನು ಕಿಲೋಮೀಟರಿಗೆ 6 ಮಾತ್ರ. 2ರಲ್ಲಿ 18, ಸುತ್ತಲೂ 18, ಸಮ. 3ರಲ್ಲಿ ಗುಳ್ಳೆ 12, ಸುತ್ತಲೂ 10. ಈಗ ಗುಳ್ಳೆ ಬಿಸಿ, ಹಗುರ, ಯಾರೂ ತಳ್ಳಬೇಕಾಗಿಲ್ಲ, ತಾನೇ ಓಡುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗುಡುಗು ಮೋಡ ಹುಟ್ಟುವುದು ಹೀಗೆ. ಪುಸ್ತಕದಲ್ಲಿ ಇದಕ್ಕೆ ಷರತ್ತಿನ ಅಸ್ಥಿರತೆ ಅಂತ ಇರುತ್ತದೆ. ಹೆಸರು ಕೇಳಿ ಹೆದರಬೇಡಿ, ಈ ನಾಲ್ಕು ಸಾಲಿನ ಲೆಕ್ಕವೇ ಅದು.

ಶೇಂಗಾ_ಹೊಲ

ಅಯ್ಯೋ, ಇದನ್ನು ಹೀಗೆ ಹೇಳಿದ್ದರೆ ಮೊದಲ ದಿನವೇ ಅರ್ಥವಾಗುತ್ತಿತ್ತು. ಪೇಪರಿನಲ್ಲಿ ಎರಡು ಗೆರೆ ಎಳೆದು ನೋಡಿದೆ, 2 ಕಿ.ಮೀ. ಹತ್ತಿರ ಒಂದನ್ನೊಂದು ದಾಟುತ್ತವೆ. ಒಂದು ಅನುಮಾನ. ಆ "ಏನೋ ಒಂದು" ಅಂದಿರಲ್ಲ, ತಳ್ಳುವುದು ಯಾವುದು? ಮತ್ತೆ ಸುತ್ತಲಿನ ಗಾಳಿ 8 ಡಿಗ್ರಿ ಇಳಿಯುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಕ್ಯುಮುಲೋನಿಂಬಸ್

ತಳ್ಳುವುದಕ್ಕೆ ಗುಡ್ಡ ಸಾಕು, ಮೇಲೆ ಅವರು ಘಟ್ಟದ ಕಥೆ ಹೇಳಿದರಲ್ಲ. ಎರಡು ಕಡೆಯ ಗಾಳಿ ಎದುರಾದರೂ ನಡುವಿನದು ಮೇಲೇಳಬೇಕು. ಪಕ್ಕದ ಮಳೆಯಿಂದ ಹೊರಬಂದ ತಣ್ಣನೆ ಗಾಳಿ ನೆಲದಲ್ಲಿ ಹರಿದು ಬಂದು ಬಿಸಿ ಗಾಳಿಯ ಕೆಳಗೆ ನುಗ್ಗಿದರೂ ಆಗುತ್ತದೆ. ಮಳೆಗೆ ಮುಂಚೆ ತಂಪು ಗಾಳಿ ಬೀಸಿ ಮಣ್ಣಿನ ವಾಸನೆ ತರುತ್ತದಲ್ಲ, ಅದೇ ಆ ಗಾಳಿ. ಎರಡನೆಯದಕ್ಕೆ ಬಲೂನು ಬಿಡುತ್ತಾರೆ. ಇದನ್ನು ಬಿಟ್ಟವರು ಯಾರಾದರೂ ಇಲ್ಲಿದ್ದರೆ ಹೇಳಲಿ.

ನಿವೃತ್ತ_ವೀಕ್ಷಕ

ಬಿಟ್ಟವನು ಇದ್ದೇನೆ. ಮುಂಜಾನೆ ಐದೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ. ಜಗತ್ತಿನ ಎಲ್ಲಾ ಕಡೆ ಅದೇ ಹೊತ್ತಿಗೆ ಬಿಡುತ್ತಾರೆ, ನಮ್ಮ ಗಡಿಯಾರದಲ್ಲಿ ಅದು ಐದೂವರೆ. ಬಲೂನಿನ ಕೆಳಗೆ ಸಣ್ಣ ಪೆಟ್ಟಿಗೆ, ಏರುತ್ತಾ ಉಷ್ಣಾಂಶ, ತೇವ, ಒತ್ತಡ ಕಳಿಸುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮಂಗಳೂರಿನಲ್ಲಿ ಇದೆ. ಮೇಲೆ ಹೋಗಿ ಒಡೆದ ಬಲೂನಿನ ಪೆಟ್ಟಿಗೆ ಯಾರದ್ದಾದರೂ ಹೊಲಕ್ಕೆ ಬಿದ್ದರೆ ಬಾಂಬು ಅಂತ ಪೊಲೀಸರಿಗೆ ಫೋನ್ ಹೋಗುತ್ತಿತ್ತು. ಅದು ಬೇರೆ ಕಥೆ.

ತಂಗಿ, ನಿಮ್ಮ ತಂದೆಯ ಪ್ರಶ್ನೆಗೆ ಬರುತ್ತೇನೆ. ಇದೇ ಪ್ರಶ್ನೆಯನ್ನು ನನ್ನ ಮಾವನವರು ನನಗೆ ಕೊನೆಯವರೆಗೂ ಕೇಳಿದರು.

ನಾಳೆಯ ಮಳೆ ಹೇಳುವುದು ಯಾಕೆ ಕಷ್ಟ? 1961ರಲ್ಲಿ ಎಡ್ವರ್ಡ್ ಲೊರೆಂಝ್ ಎಂಬ ಹವಾಮಾನ ವಿಜ್ಞಾನಿ ಕಂಪ್ಯೂಟರಿನಲ್ಲಿ ಒಂದು ಪುಟ್ಟ ವಾತಾವರಣ ಓಡಿಸುತ್ತಿದ್ದರು. ಒಂದು ಲೆಕ್ಕವನ್ನು ಮಧ್ಯದಿಂದ ಮತ್ತೆ ಓಡಿಸಲು 0.506127 ಇದ್ದ ಕಡೆ 0.506 ಅಂತ ಟೈಪ್ ಮಾಡಿದರು. ವ್ಯತ್ಯಾಸ ಏನೇನೂ ಅಲ್ಲ. ಕಾಫಿ ಕುಡಿದು ಬಂದು ನೋಡಿದರೆ ಎರಡು ಲೆಕ್ಕಕ್ಕೂ ಸಂಬಂಧವೇ ಇಲ್ಲ. ನಮ್ಮ ಹತ್ತಿರ ಇರುವ ಅಳತೆಗಳಲ್ಲಿ ಇದಕ್ಕಿಂತ ಎಷ್ಟೋ ದೊಡ್ಡ ತಪ್ಪು ಇರುತ್ತದೆ. ಅಳೆಯದೇ ಬಿಟ್ಟ ಜಾಗ ಇನ್ನೂ ಎಷ್ಟೋ. ಹಾಗಾಗಿ ಎರಡು ವಾರ ದಾಟಿದ ಮೇಲೆ ಯಾವ ದಿನ ಯಾವ ಊರಿಗೆ ಮಳೆ ಅನ್ನುವುದು ಕೈಗೆ ಸಿಗುವುದಿಲ್ಲ. ಗುಡುಗು ಮಳೆಯಾದರೆ ನಾಳೆಯದೂ ಕಷ್ಟ. ಆ ಮೋಡದ ಅಗಲವೇ ಕೆಲವು ಕಿಲೋಮೀಟರ್. 2025ರ ಮೇ ತಿಂಗಳಲ್ಲಿ ಬಂದ ನಮ್ಮ ದೇಶದ ಹೊಸ ಕಂಪ್ಯೂಟರ್ ಮುನ್ಸೂಚನೆ ಮಾದರಿ ನೆಲವನ್ನು 6 ಕಿ.ಮೀ. ಚೌಕ ಮಾಡಿ ನೋಡುತ್ತದೆ, ಅದಕ್ಕೂ ಮುಂಚೆ 12 ಕಿ.ಮೀ. ಇತ್ತು. ನಿಮ್ಮ ಹೊಲ ಒಂದು ಚೌಕದ ಮೂಲೆಯಲ್ಲಿ ಎಲ್ಲೋ ಇದೆ.

ಇನ್ನು 2100ರ ಮಾತು. ಅನ್ನದ ಪಾತ್ರೆ ಒಲೆ ಮೇಲೆ ಕುದಿಯುತ್ತಿದೆ. ಮುಂದಿನ ಕ್ಷಣ ಯಾವ ಅಗುಳು ಮೇಲೆ ಬರುತ್ತದೆ ಹೇಳಿ? ಯಾರಿಗೂ ಆಗುವುದಿಲ್ಲ. ಆದರೆ ಉರಿ ಜಾಸ್ತಿ ಮಾಡಿದರೆ ಗಂಜಿ ಉಕ್ಕುತ್ತದೆ ಅಂತ ನಿಮ್ಮ ಅಮ್ಮ ಪಕ್ಕದ ಕೋಣೆಯಲ್ಲಿ ಕೂತು ಹೇಳುತ್ತಾರೆ. ಅವರು ಅಗುಳಿನ ಲೆಕ್ಕ ಮಾಡುವುದಿಲ್ಲ, ಉರಿಯ ಲೆಕ್ಕ ಮಾಡುತ್ತಾರೆ. ಎರಡೂ ಬೇರೆ ಲೆಕ್ಕ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ 315ರಷ್ಟಿತ್ತು, ಈಗ 420 ದಾಟಿದೆ. ಅದು ಉರಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಬಂದರೆ ಒಮ್ಮೆಲೇ ಸುರಿಯುವುದು ಹೆಚ್ಚಾಗುವುದಕ್ಕೆ ಇದೊಂದು ಕಾರಣ.

ಹಾಗಂತ ನಿಮ್ಮ ತಂದೆಯವರು ಪೂರ್ತಿ ತಪ್ಪಲ್ಲ. ಜಗತ್ತು ಬಿಸಿಯಾಗುತ್ತದೆ ಅನ್ನುವುದರಲ್ಲಿ ಮಾದರಿಗಳೆಲ್ಲಾ ಒಂದೇ ಮಾತು. ಚಳ್ಳಕೆರೆಯಂಥ ಒಂದು ತಾಲ್ಲೂಕಿನ ಮಳೆ ಎಷ್ಟಾಗುತ್ತದೆ ಅನ್ನುವುದರಲ್ಲಿ ಅವುಗಳಲ್ಲೇ ಜಗಳ ಇದೆ. ಅಷ್ಟು ಖಚಿತವಾಗಿ ಯಾರಾದರೂ ಹೇಳಿದರೆ ಅವರ ಮಾತನ್ನು ಅನುಮಾನದಿಂದಲೇ ಕೇಳಿ.

ಇವೆರಡರ ನಡುವೆ ಇನ್ನೊಂದು ಇದೆ, ಈ ಮಳೆಗಾಲ ಹೇಗೆ ಅನ್ನುವುದು. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವುದು) ಬಂದರೆ ಬರ ಅಂತ ಪರೀಕ್ಷೆಯಲ್ಲಿ ಬರೆದು ಬರಬೇಡಿ, ದಯವಿಟ್ಟು. 1997ರಲ್ಲಿ ಭಾರೀ ಎಲ್ ನಿನೋ, ದೇಶದ ಮುಂಗಾರು ಮಾತ್ರ ಸರಾಸರಿಗಿಂತ ಸ್ವಲ್ಪ ಮೇಲೇ ಇತ್ತು. 2023ರಲ್ಲೂ ಎಲ್ ನಿನೋ, ಆಗ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಪೆಸಿಫಿಕ್ ಒಂದೇ ಅಲ್ಲ, ಹಿಂದೂ ಮಹಾಸಾಗರದ ಪೂರ್ವ ಪಶ್ಚಿಮದ ಬಿಸಿಯ ವ್ಯತ್ಯಾಸವೂ ಕೈ ಹಾಕುತ್ತದೆ. ಎಲ್ ನಿನೋ ಬರದ ಸಾಧ್ಯತೆ ಹೆಚ್ಚಿಸುತ್ತದೆ ಅಂತ ಬರೆಯಿರಿ, ಮಾರ್ಕ್ಸ್ ಸಿಗುತ್ತದೆ, ಅದು ನಿಜವೂ ಹೌದು.

ಲಾಸ್ಟ್_ಬೆಂಚ್

ಹೋದ ವರ್ಷ ಇದೇ ಎಲೆಕ್ಟಿವ್ ಪಾಸ್ ಮಾಡಿದವನ ಮಾತು. ವಾತಾವರಣದ ಪದರಗಳು, ಗಾಳಿಯಲ್ಲಿ ನೈಟ್ರೋಜನ್ 78, ಆಕ್ಸಿಜನ್ 21 ಇವೆಲ್ಲಾ ಒಂದು ರಾತ್ರಿ ಓದಿದರೆ ಆಗುತ್ತದೆ. ವಾಯುಗುಣದ ಬಗೆಗಳಿಗೆ ಅಕ್ಷರ ಕೊಡುವ ಕೊಪ್ಪೆನ್ ವರ್ಗೀಕರಣ ಮಾತ್ರ ನಕ್ಷೆ ಹಿಡಿದು ಓದಿ. ಅಕ್ಷರಗಳನ್ನು ಉರು ಹೊಡೆದರೆ ಹಾಲ್‌ನಲ್ಲಿ ಎಲ್ಲಾ ಕಲಸಿಹೋಗುತ್ತದೆ. ನಮ್ಮ ರಾಜ್ಯದಲ್ಲೇ ಮೂರು ಸಿಗುತ್ತದೆ. ಕರಾವಳಿ ಮಾನ್ಸೂನ್ ಬಗೆ, ಬೆಂಗಳೂರು ಕಡೆ ಸವನ್ನಾ ಬಗೆ, ಉತ್ತರ ಒಳನಾಡು ಅರೆ ಶುಷ್ಕ. ಊರು ನೆನಪಿದ್ದರೆ ಅಕ್ಷರ ತಾನೇ ನೆನಪಾಗುತ್ತದೆ. ಸಿಂಕಿನಲ್ಲಿ ನೀರು ಸುತ್ತುವುದು, ಭೂಮಿ ತಿರುಗುವುದರಿಂದ ಗಾಳಿಯ ದಾರಿ ಬಾಗುವ ಕೊರಿಯೊಲಿಸ್‌ನಿಂದ ಅಂತ ಮಾತ್ರ ಬರೆಯಬೇಡಿ, ನಾನು ಬರೆದು ಕೆಂಪು ಗೆರೆ ಹಾಕಿಸಿಕೊಂಡಿದ್ದೇನೆ. ಅದು ಚಂಡಮಾರುತದಷ್ಟು ದೊಡ್ಡ ಸುಳಿಗೆ.

ಶೇಂಗಾ_ಹೊಲ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನಿಗೆ ಅನ್ನದ ಪಾತ್ರೆ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಉರಿ ಹಚ್ಚಿದೋರು ಯಾರೋ, ತಳ ಹತ್ತೋದು ನಮ್ಮ ಪಾತ್ರೆಗೆ" ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ ಬಿಡಿ.

ಆದರೆ ಆ ಇಂಚು, ಸೆಂಟಿನ ಡೈರಿ ಅವರಿಗೆ ಬಹಳ ಹಿಡಿಸಿದೆ. ನಮ್ಮ ಹೊಲದಲ್ಲೂ ಅಳೆಯೋಣ ಅಂತ ಇವತ್ತು ಬೆಳಿಗ್ಗೆ ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿ ಹುಡುಕಿ ತಂದಿದ್ದಾರೆ. ಬಾಟಲಿ ಅಗಲ ಇದ್ದರೆ ಜಾಸ್ತಿ ನೀರು ಬೀಳುತ್ತದಲ್ಲ, ಆಗ ಲೆಕ್ಕ ತಪ್ಪುವುದಿಲ್ಲವಾ?

ಕೊಳೆಔಷಧಿ

ತಪ್ಪುವುದಿಲ್ಲ. ಅಗಲ ಇದ್ದರೆ ನೀರು ಜಾಸ್ತಿ ಬೀಳುತ್ತದೆ, ಆದರೆ ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ, ಎತ್ತರ ಅಷ್ಟೇ. ಬಾಯಿಯೂ ಹೊಟ್ಟೆಯೂ ಒಂದೇ ಅಗಲ ಇರಬೇಕು, ಅದೊಂದೇ ಷರತ್ತು. ಬಾಟಲಿಯ ಕತ್ತಿನ ಕೆಳಗೆ ಕತ್ತರಿಸಿ, ಆ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯ ಹಾಗೆ ಮೇಲೆ ಕೂರಿಸಿ. ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ತಳ ಉಬ್ಬು ತಗ್ಗು ಇರುತ್ತದಲ್ಲ, ಅಲ್ಲಿ ನಾಲ್ಕು ಕಲ್ಲು ಹಾಕಿ ನೀರು ತುಂಬಿ, ಬಾಟಲಿ ನೇರ ಆಗುವ ಕಡೆ ಒಂದು ಗೆರೆ ಎಳೆಯಿರಿ. ಅದು ಸೊನ್ನೆ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿ. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಅಪ್ಪನಿಗೆ ಎಕರೆ ಲೆಕ್ಕ ಬೇಕಾದರೆ ಒಂದು ಮಿ.ಮೀ.ಗೆ ನಾಲ್ಕು ಸಾವಿರ ಲೀಟರಿನ ಮೇಲೆ.

ಮರದ ಕೆಳಗೆ, ಗೋಡೆ ಪಕ್ಕ ಇಡಬೇಡಿ.

ನಿವೃತ್ತ_ವೀಕ್ಷಕ

ಮತ್ತೆ ಬೆಳಿಗ್ಗೆ ಎಂಟೂವರೆಗೇ ನೋಡಬೇಕು, ದಿನಾ ಅದೇ ಹೊತ್ತಿಗೆ. ದೇಶದಲ್ಲೆಲ್ಲಾ ಮಳೆ ಅಳೆಯುವುದು ಆಗಲೇ. ಮಳೆ ಬಾರದ ದಿನವೂ 0 ಅಂತ ಬರೆಯಿರಿ, ಖಾಲಿ ಬಿಡಬೇಡಿ. ಆರು ತಿಂಗಳ ಮೇಲೆ ತೆಗೆದು ನೋಡಿದಾಗ, ಆ ದಿನ ಮಳೆ ಬರಲಿಲ್ಲವೋ ಅಥವಾ ನೀವು ಎದ್ದಿರಲಿಲ್ಲವೋ ಗೊತ್ತಾಗುವುದಿಲ್ಲ.